ಮಡಚು ಮಿನಿಬೈಕ್‌ಗಳು: ಚರಿತ್ರೆಯ ಶೋಧ ಮತ್ತು ಸಂರಕ್ಷಣೆ

ಹ್ಯಾಂಡಲ್, ಸೀಟು, ಫುಟ್‌ರೆಸ್ಟ್‌ಗಳನ್ನು ಮಡಚಿಯೋ ಕೆಳಕ್ಕಿಳಿಸಿಯೋ ಕಾರಿನ ಡಿಕ್ಕಿ, ದೋಣಿಯ ಮೂಲೆ, ಪುಟ್ಟ ವಿಮಾನದ ಸಾಮಾನಿನ ಖಾನೆ ಇಂಥ ಕಡೆ ಇಟ್ಟೊಯ್ಯಬಹುದಾದ ಸಣ್ಣ ಗಾಲಿಯ, ಸಣ್ಣ ಎಂಜಿನ್ನಿನ ಮೋಟಾರು ದ್ವಿಚಕ್ರವಾಹನವೇ ಮಡಚು ಮಿನಿಬೈಕ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಸಲಕರಣೆಯಾಗಿ, ಶಾಂತಿಕಾಲದಲ್ಲಿ ಪೆಟ್ರೋಲ್ ಉಳಿಸುವ ಸವಾರಿಯಾಗಿ, 1960ರ ದಶಕದಲ್ಲಿ ರಜೆಯ ಮೋಜಿನ ವಸ್ತುವಾಗಿ, 1980ರ ದಶಕದಲ್ಲಿ ಕಾರಿನ ಜೊತೆಗಾರನಾಗಿ ಇದು ಬೇರೆಬೇರೆ ದೇಶಗಳಲ್ಲಿ ಮತ್ತೆಮತ್ತೆ ಹುಟ್ಟಿತು, ಮತ್ತೆಮತ್ತೆ ಮರೆಯಾಯಿತು.

ಹೆಸರಾಂತ ಮೋಟಾರ್ ಸೈಕಲ್ಲುಗಳ ಚರಿತ್ರೆ ಬರೆಯುವವರಿಗೆ ಕಾರ್ಖಾನೆಯ ರವಾನೆ ಪುಸ್ತಕ, ಡೀಲರುಗಳ ಪತ್ರ, ರೇಸಿನ ವರದಿ ಇತ್ಯಾದಿ ಆಕರಗಳು ಸಿಗುತ್ತವೆ. ಮಡಚು ಮಿನಿಬೈಕುಗಳಿಗೆ ಆ ಭಾಗ್ಯವಿಲ್ಲ. ಇವನ್ನು ತಯಾರಿಸಿದ್ದು ಹೆಚ್ಚಾಗಿ ವೆಲ್ಡಿಂಗ್ ಶೆಡ್ಡಿನ ಗಾತ್ರದ ಸಂಸ್ಥೆಗಳು. ಮಾರಿದ್ದು ಕೃಷಿ ಸಾಮಾನಿನ ಅಂಗಡಿಗಳು, ಅಂಚೆ ಮೂಲಕ ಸರಕು ಕಳಿಸುವ ವ್ಯಾಪಾರಿಗಳು. ಕೊಂಡವರು ಮಕ್ಕಳು ದೊಡ್ಡವರಾದ ಮೇಲೆ ಗುಜರಿಗೆ ಹಾಕಿದರು. ಹಾಗಾಗಿ ಎಷ್ಟೋ ಮಾದರಿಗಳಿಗೆ ಉಳಿದಿರುವ ದಾಖಲೆಯೆಂದರೆ ಆ ಬೈಕೇ: ಅದರ ಬೆಸುಗೆ, ಬಣ್ಣದ ಪದರ, ಎಂಜಿನ್ನಿನ ಮೇಲೆ ಒತ್ತಿದ ಸಂಖ್ಯೆ, ಅರ್ಧ ಹರಿದ ಸ್ಟಿಕ್ಕರು. ಶೋಧವನ್ನೂ ಸಂರಕ್ಷಣೆಯನ್ನೂ ಇಲ್ಲಿ ಬೇರ್ಪಡಿಸಿ ನೋಡಲಾಗದಿರುವುದು ಇದೇ ಕಾರಣಕ್ಕೆ. ಹೊಸದರಂತೆ ಮಿನುಗಿಸುವ ಹುಮ್ಮಸ್ಸಿನಲ್ಲಿ ಆ ಗುರುತುಗಳನ್ನು ಉಜ್ಜಿ ತೆಗೆದರೆ ಮುಂದೆ ಯಾರೂ ಅವನ್ನು ಮರಳಿ ತರಲಾರರು.

ಪೂರ್ವಜರು

ಮೋಟಾರು ವಾಹನವನ್ನು ಮಡಚಿಡುವ ಯೋಚನೆ ಯುದ್ಧಕ್ಕಿಂತ ಹಳೆಯದು. ನ್ಯೂಯಾರ್ಕಿನ ಲಾಂಗ್ ಐಲೆಂಡ್ ಸಿಟಿಯಲ್ಲಿ 1915ರಿಂದ 1921ರವರೆಗೆ ತಯಾರಾದ ಆಟೋಪೆಡ್ ಇದಕ್ಕೆ ಒಳ್ಳೆಯ ಉದಾಹರಣೆ. ಸವಾರ ನಿಂತುಕೊಂಡೇ ಓಡಿಸುತ್ತಿದ್ದ ಈ ಸ್ಕೂಟರಿನಲ್ಲಿ 155 ಸಿಸಿ ಎಂಜಿನ್ ಮುಂಗಾಲಿಯ ಮೇಲೆ ಕೂತಿತ್ತು. ಹ್ಯಾಂಡಲಿನ ಕಂಬವನ್ನು ಮುಂದಕ್ಕೆ ತಳ್ಳಿದರೆ ಕ್ಲಚ್ ಹಿಡಿಯುತ್ತಿತ್ತು, ಹಿಂದಕ್ಕೆ ಎಳೆದರೆ ಬ್ರೇಕು ಬೀಳುತ್ತಿತ್ತು. ನಿಲ್ಲಿಸಿದ ಮೇಲೆ ಅದೇ ಕಂಬವನ್ನು ಮಡಚಿ ಹಲಗೆಯ ಮೇಲೆ ಮಲಗಿಸಿ ಎತ್ತಿಕೊಂಡು ಹೋಗಬಹುದಿತ್ತು. ಜರ್ಮನಿಯ ಕ್ರುಪ್ ಸಂಸ್ಥೆಯೂ ಇದನ್ನು ಕೆಲಕಾಲ ತಯಾರಿಸಿತು. ಇದು ಮಿನಿಬೈಕ್ ವರ್ಗಕ್ಕೆ ಸೇರುವುದಿಲ್ಲ. ಆದರೆ ಓಡಿಸುವ ಅಂಗವನ್ನೇ ಮಡಚುವ ಅಂಗವಾಗಿ ಬಳಸಿದ ಈ ಜಾಣ್ಮೆಯನ್ನು ಅರಿಯದೆ ಮುಂದಿನವನ್ನು ತೂಗುವುದು ಕಷ್ಟ.

ವೆಲ್‌ಬೈಕ್

ಮಡಚು ಮಿನಿಬೈಕಿನ ನಿಜವಾದ ಆರಂಭ ಇಂಗ್ಲೆಂಡಿನ ಹರ್ಟ್‌ಫರ್ಡ್‌ಷೈರ್‌ನ ವೆಲ್ವಿನ್ ಊರಿನ ಬಳಿಯ ‘ದ ಫ್ರೈದ್’ ಎಂಬ ಬಂಗಲೆಯಲ್ಲಿ. ಯುದ್ಧಕ್ಕೆ ಮೊದಲು ಹೋಟೆಲಾಗಿದ್ದ ಆ ಕಟ್ಟಡವನ್ನು ಸರ್ಕಾರ ವಶಪಡಿಸಿಕೊಂಡು, ಶತ್ರು ನೆಲದೊಳಗೆ ಗುಪ್ತ ಕಾರ್ಯಾಚರಣೆ ನಡೆಸುತ್ತಿದ್ದ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್ ಸಂಸ್ಥೆಗೆ ಒಪ್ಪಿಸಿತ್ತು. ಸಂಕೇತನಾಮ ‘ಸ್ಟೇಷನ್ 9’. ಅಲ್ಲಿ ಹುಟ್ಟಿದ ಸಾಧನಗಳಿಗೆ ಊರಿನ ಹೆಸರಿನ ಮೊದಲ ಭಾಗ ಸೇರಿಸುವ ರೂಢಿಯಿತ್ತು. ಸದ್ದಡಗಿಸಿದ ಪಿಸ್ತೂಲು ವೆಲ್‌ರಾಡ್, ಒಬ್ಬನೇ ಕೂರುವ ಜಲಾಂತರ್ಗಾಮಿ ವೆಲ್‌ಮನ್, ಮಡಚುವ ಬೈಕು ವೆಲ್‌ಬೈಕ್. ಕೇಂದ್ರದ ಮುಖ್ಯಸ್ಥ ಲೆಫ್ಟಿನೆಂಟ್ ಕರ್ನಲ್ ಜಾನ್ ಡಾಲ್ಫಿನ್ ಅವರ ಕಲ್ಪನೆಗೆ ಹ್ಯಾರಿ ಲೆಸ್ಟರ್ ಮೂಲ ಮಾದರಿಯ ರೂಪ ಕೊಟ್ಟರು. ಬರ್ಮಿಂಗ್‌ಹ್ಯಾಮಿನ ಎಕ್ಸೆಲ್ಸಿಯರ್ ಮೋಟಾರ್ ಕಂಪನಿ 1942ರಿಂದ ತಯಾರಿಕೆ ವಹಿಸಿಕೊಂಡಿತು.

ಇದರ ವಿನ್ಯಾಸಕ್ಕೆ ಒಂದೇ ಯಜಮಾನ, ಪ್ಯಾರಾಶೂಟಿಗೆ ಕಟ್ಟಿ ವಿಮಾನದಿಂದ ಇಳಿಬಿಡುತ್ತಿದ್ದ ಸುಮಾರು 15 ಅಂಗುಲ ವ್ಯಾಸದ ಸಾಮಾನಿನ ಕೊಳವೆ. ಬೈಕು ಆ ಕೊಳವೆಯೊಳಗೆ ಹೋಗಬೇಕು, ಮಿಕ್ಕಿದ್ದೆಲ್ಲ ಆಮೇಲಿನ ಮಾತು. ಹ್ಯಾಂಡಲಿನ ಕೈಗಳು ಮಡಚುತ್ತಿದ್ದವು, ಸೀಟಿನ ಕಂಬ ತನ್ನ ಕೊಳವೆಯೊಳಗೆ ಇಳಿಯುತ್ತಿತ್ತು, ಫುಟ್‌ರೆಸ್ಟ್‌ಗಳು ಮೇಲಕ್ಕೆ ಸೇರಿಕೊಳ್ಳುತ್ತಿದ್ದವು. ಎಂಜಿನ್ ವಿಲಿಯರ್ಸ್ ಸಂಸ್ಥೆಯ 98 ಸಿಸಿ ಟೂ-ಸ್ಟ್ರೋಕ್, ತೂಕ 32 ಕಿಲೋ ಆಸುಪಾಸು. ಗೇರು ಒಂದೇ. ಹಿಂಗಾಲಿಗೆ ಮಾತ್ರ ಬ್ರೇಕು. ಸ್ಪ್ರಿಂಗಿಲ್ಲ, ದೀಪವಿಲ್ಲ, ಕಿಕ್ ಇಲ್ಲ. ತಳ್ಳಿಯೇ ಸ್ಟಾರ್ಟ್ ಮಾಡಬೇಕು. ಎತ್ತರ ತಗ್ಗಿಸಲು ಪೆಟ್ರೋಲ್ ಟ್ಯಾಂಕನ್ನು ಕಾರ್ಬ್ಯುರೇಟರಿಗಿಂತ ಕೆಳಗೆ ಕೂರಿಸಿದ್ದರಿಂದ ಇಂಧನ ತಾನಾಗಿ ಹರಿಯುತ್ತಿರಲಿಲ್ಲ. ಹೊರಡುವ ಮೊದಲು ಕೈಪಂಪಿನಿಂದ ಟ್ಯಾಂಕಿನೊಳಗೆ ಗಾಳಿಯ ಒತ್ತಡ ತುಂಬಬೇಕಿತ್ತು. ಟ್ಯಾಂಕಿಗೆ ಹಿಡಿಸುತ್ತಿದ್ದುದು 3.7 ಲೀಟರ್, ಅದರಲ್ಲಿ ಸುಮಾರು 140 ಕಿಲೋಮೀಟರ್ ಹೋಗಬಹುದಿತ್ತು. ಕೊಳವೆಯಿಂದ ಹೊರತೆಗೆದು ಓಡಿಸಲು ಸಿದ್ಧಗೊಳಿಸುವುದಕ್ಕೆ 11 ಸೆಕೆಂಡು ಸಾಕು ಎಂಬ ಮಾತಿತ್ತು.

ಯುದ್ಧಭೂಮಿಯಲ್ಲಿ ಲೆಕ್ಕಾಚಾರ ಅಷ್ಟಾಗಿ ಫಲಿಸಲಿಲ್ಲ. ಗುಂಡಿಬಿದ್ದ ರಸ್ತೆಗೆ ಪುಟ್ಟ ಗಾಲಿ ಸಾಲದು, ಹೊರೆ ಹೊತ್ತ ಸೈನಿಕನಿಗೆ 98 ಸಿಸಿ ಸಾಲದು. ಕೊಳವೆಯೊಂದು ಕಡೆ, ಸೈನಿಕನೊಂದು ಕಡೆ ಇಳಿದರೆ ಹುಡುಕುವುದೇ ಕೆಲಸ. ಅಷ್ಟರಲ್ಲಿ ದೊಡ್ಡ ಗ್ಲೈಡರುಗಳು ಬಂದು ಜೀಪುಗಳನ್ನೂ, ಬಲವಾದ ಬೈಕುಗಳನ್ನೂ ಹೊತ್ತು ತರತೊಡಗಿದವು. ರೆಡಿಚ್ ಊರಿನ ರಾಯಲ್ ಎನ್‌ಫೀಲ್ಡ್ ಕಾರ್ಖಾನೆಯ 125 ಸಿಸಿ ‘ಫ್ಲೈಯಿಂಗ್ ಫ್ಲೀ’ ಅಂಥವುಗಳಲ್ಲೊಂದು. ಕೊಳವೆಯೊಳಗೆ ಹೋಗದ ಅದನ್ನು ಕಬ್ಬಿಣದ ತೊಟ್ಟಿಲಿನಲ್ಲಿ ಕೂರಿಸಿ ಇಳಿಬಿಡುತ್ತಿದ್ದರು. ಈಗ ಚೆನ್ನೈನಿಂದ ನಡೆಯುವ ರಾಯಲ್ ಎನ್‌ಫೀಲ್ಡ್ 2024ರಲ್ಲಿ ತನ್ನ ವಿದ್ಯುತ್ ಬೈಕುಗಳಿಗೆ ಅದೇ ಹೆಸರಿಟ್ಟು ಈ ಹಳೆಯ ಅಧ್ಯಾಯವನ್ನು ಭಾರತದ ಓದುಗರಿಗೂ ಪರಿಚಯಿಸಿತು. ವೆಲ್‌ಬೈಕುಗಳಲ್ಲಿ ಕೆಲವು ನೆದರ್ಲೆಂಡ್ಸಿನ ಆರ್ನೆಮ್ ಕಾಳಗದಲ್ಲಿ ಬಳಕೆಯಾದವು, ಉಳಿದವುಗಳಲ್ಲಿ ಹಲವು ವಿಮಾನ ನಿಲ್ದಾಣಗಳ ಒಳಗಿನ ಓಡಾಟಕ್ಕೆ ಹೋದವು. ಪ್ರಾಯೋಗಿಕ ಮಾದರಿಗಳನ್ನು ಬಿಟ್ಟು 3,641 ತಯಾರಾದವೆಂಬ ಲೆಕ್ಕ ಸಾಮಾನ್ಯವಾಗಿ ಚಾಲ್ತಿಯಲ್ಲಿದೆ. ಯುದ್ಧ ಮುಗಿದ ಮೇಲೆ ಮುಂದಿನ ಬ್ರೇಕು ಇಲ್ಲದ ಇವು ಬ್ರಿಟನ್ನಿನ ಸಾರ್ವಜನಿಕ ರಸ್ತೆಗೆ ಇಳಿಯುವಂತಿರಲಿಲ್ಲ. ಹಲವು ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಗಿಂಬೆಲ್ಸ್ ಮಳಿಗೆಯಲ್ಲಿ ಮಾರಾಟವಾದವು. ಹೀಗಾಗಿ ಇಂಗ್ಲೆಂಡಿನ ಗುಪ್ತ ಸಂಸ್ಥೆಯೊಂದರ ಚರಿತ್ರೆಯ ತುಣುಕುಗಳು ಅಮೆರಿಕದ ಕೊಟ್ಟಿಗೆಗಳಲ್ಲಿ ಸಿಗುತ್ತವೆ.

ವೆಲ್‌ಬೈಕಿನ ಸಂಶೋಧಕರಿಗೆ ಎರಡು ಬಗೆಯ ಆಕರಗಳುಂಟು. ಸೇನೆಯ ಮೋಟಾರ್ ಸೈಕಲ್ಲುಗಳಿಗೆ ‘ಸಿ’ ಅಕ್ಷರದಿಂದ ಶುರುವಾಗುವ ಗಣತಿ ಸಂಖ್ಯೆ ಕೊಡುತ್ತಿದ್ದರು. ಟ್ಯಾಂಕಿನ ಮೇಲಿನ ಬಣ್ಣದ ಪದರಗಳ ಕೆಳಗೆ ಆ ಸಂಖ್ಯೆ ಉಳಿದಿದ್ದರೆ ಅದು ಚಿನ್ನ. ಇನ್ನೊಂದು ಕಾಗದದ ದಾಖಲೆ. ಗುಪ್ತ ಸಂಸ್ಥೆಯ ಲಂಡನ್ ಕಚೇರಿಯಲ್ಲಿ 1946ರಲ್ಲಿ ಬೆಂಕಿ ಬಿದ್ದು ಕಡತಗಳಲ್ಲಿ ಒಂದು ಪಾಲು ಸುಟ್ಟುಹೋಯಿತು. ಉಳಿದವು 1990ರ ದಶಕದಿಂದ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಫ್ರೆಡ್ರಿಕ್ ಬಾಯ್ಸ್ ಮತ್ತು ಡಗ್ಲಸ್ ಎವರೆಟ್ 2003ರಲ್ಲಿ ಈ ಸಂಸ್ಥೆಯ ವೈಜ್ಞಾನಿಕ ಕೆಲಸದ ಬಗ್ಗೆ ಪುಸ್ತಕವೊಂದನ್ನೇ ಹೊರತಂದರು. ಇಂಥ ಬೆಂಬಲ ಇರುವ ಮಡಚು ಮಿನಿಬೈಕ್ ಬಹುಶಃ ಇದೊಂದೇ. ಬೆಲೆ ಏರಿದಂತೆ ನಕಲುಗಳೂ ಹುಟ್ಟಿಕೊಂಡಿವೆ, ಆದ್ದರಿಂದ ಫ್ರೇಮಿನ ಸಂಖ್ಯೆ, ಎಂಜಿನ್ ಸಂಖ್ಯೆ ಎರಡನ್ನೂ ತಾಳೆ ನೋಡದೆ ಯಾವುದನ್ನೂ ಅಸಲಿ ಎನ್ನಬಾರದು.

ಕೋರ್ಗಿ ಮತ್ತು ಪಪೂಸ್

ಡಾಲ್ಫಿನ್ ಯುದ್ಧದ ನಂತರ ತಮ್ಮ ಕಲ್ಪನೆಯನ್ನು ನಾಗರಿಕರಿಗೆ ಒಗ್ಗಿಸಿದರು. ಸೌತ್‌ಪೋರ್ಟಿನ ಬ್ರಾಕ್‌ಹೌಸ್ ಎಂಜಿನಿಯರಿಂಗ್ ಸಂಸ್ಥೆ ತಯಾರಿಸಿದ ಕೋರ್ಗಿಯಲ್ಲಿ 98 ಸಿಸಿಯ ಸ್ಪ್ರೈಟ್ ಎಂಜಿನ್ ಇತ್ತು. ಹ್ಯಾಂಡಲ್ ಮಡಚುತ್ತಿತ್ತು, ಸೀಟು ಇಳಿಯುತ್ತಿತ್ತು, ಮುಂದಕ್ಕೂ ಬ್ರೇಕು ಬಂದಿತ್ತು. 1948ರಿಂದ 1954ರ ನಡುವೆ 27,050 ಕೋರ್ಗಿಗಳು ಹೊರಬಂದವು. ಪೆಟ್ರೋಲಿಗೆ ಪಡಿತರವಿದ್ದ ಕಾಲದಲ್ಲಿ ಜನ ಇದನ್ನು ಕೊಂಡದ್ದು ಸಹಜ. ಮೊದಲ ಮಾದರಿಯನ್ನು ತಳ್ಳಿ ಸ್ಟಾರ್ಟ್ ಮಾಡಬೇಕಿತ್ತು. ಎರಡನೆಯದಕ್ಕೆ ಕಿಕ್ ಬಂತು, ಕೊನೆಕೊನೆಗೆ ಎರಡು ಗೇರು, ಮುಂದೆ ಟೆಲಿಸ್ಕೋಪಿಕ್ ಫೋರ್ಕು. ಪ್ರತಿ ಸುಧಾರಣೆಯೂ ಬೈಕನ್ನು ಸ್ವಲ್ಪ ಹೆಚ್ಚು ಬೈಕಾಗಿಸಿತು, ಸ್ವಲ್ಪ ಕಡಿಮೆ ಮಡಚುವಂತಾಗಿಸಿತು.

ಇದೇ ಕೋರ್ಗಿ ಅಮೆರಿಕದಲ್ಲಿ ‘ಇಂಡಿಯನ್ ಪಪೂಸ್’ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಸೊರಗುತ್ತಿದ್ದ ಇಂಡಿಯನ್ ಮೋಟಾರ್ ಸೈಕಲ್ ಸಂಸ್ಥೆಗೆ ಬ್ರಾಕ್‌ಹೌಸ್ 1949ರಲ್ಲಿ ಬಂಡವಾಳ ಹಾಕಿದ್ದರ ಹಿನ್ನೆಲೆ ಇದಕ್ಕಿದೆ. ಒಂದೇ ಯಂತ್ರಕ್ಕೆ ಎರಡು ದೇಶಗಳಲ್ಲಿ ಎರಡು ಹೆಸರು ಬಂದಾಗ ಸಂಗ್ರಾಹಕರು ಅವನ್ನು ಎರಡು ಬೈಕುಗಳೆಂದೇ ದಾಖಲಿಸಿಬಿಡುತ್ತಾರೆ. ಈ ಗೊಂದಲ ಮುಂದೆ ಅಮೆರಿಕದ ಬೈಕುಗಳಲ್ಲಿ ಹಲವು ಪಟ್ಟು ಹೆಚ್ಚುತ್ತದೆ. ಬ್ರಿಟನ್ನಿನಲ್ಲಿ ಹಳೆಯ ನೋಂದಣಿ ಪುಸ್ತಕಗಳನ್ನು ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್ ಜೋಪಾನ ಮಾಡಿದೆ, ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ಬು 1946ರಿಂದ ಕೆಲಸ ಮಾಡುತ್ತಿದೆ. ಆದ್ದರಿಂದ ಕೋರ್ಗಿಯೊಂದರ ಹಿಂದಿನ ಒಡೆಯರನ್ನು ಪತ್ತೆಹಚ್ಚುವುದು ಇತರ ಮಡಚು ಬೈಕುಗಳಿಗಿಂತ ಎಷ್ಟೋ ಸುಲಭ.

ಯುರೋಪು, ಜಪಾನು

ಇಟಲಿಯ ಟ್ಯೂರಿನ್ನಿನ ವೊಲುಗ್ರಾಫೊ ಸಂಸ್ಥೆ ಯುದ್ಧಕಾಲದಲ್ಲೇ ಪ್ಯಾರಾಶೂಟ್ ಸೈನಿಕರಿಗಾಗಿ ‘ಏರ್‌ಮೋಟೊ’ ತಯಾರಿಸಿತ್ತು. ಹಿಂದೆಯೂ ಮುಂದೆಯೂ ಜೋಡಿ ಟಯರಿದ್ದ ವಿಚಿತ್ರ ವಾಹನವದು. ಫ್ರಾನ್ಸಿನಲ್ಲಿ ವಿಕ್ಟರ್ ಬುಫೋರ್ 1950ರ ದಶಕದಲ್ಲಿ ವಾಲ್‌ಮೊಬೈಲ್ ರೂಪಿಸಿದರು. ಪೂರ್ತಿ ಮಡಚಿದರೆ ಸೂಟ್‌ಕೇಸಿನ ಆಕಾರ, ಮೇಲೊಂದು ಹಿಡಿಕೆ. ಜಪಾನಿನ ಹಿರಾನೊ ಸಂಸ್ಥೆಯೂ ಇದನ್ನು ತಯಾರಿಸಿತು. ಉತ್ತರ ಇಟಲಿಯ ಕಾರ್ನಿಯೆಲ್ಲಿ ಸಂಸ್ಥೆ ತನ್ನ ಜನಪ್ರಿಯ ಮಡಚು ಸೈಕಲ್ಲಾದ ಗ್ರಾಜಿಯೆಲ್ಲಾಕ್ಕೆ ಎಂಜಿನ್ ಕೂರಿಸಿ ಮೊಟೊಗ್ರಾಜಿಯೆಲ್ಲಾ ಮಾಡಿತು. ಸಿಸಿಲಿಯ ಡಿ ಬ್ಲಾಸಿ ಸಂಸ್ಥೆಯ ಮಡಚು ಮೊಪೆಡ್, ಬೊಲೋನ್ಯಾದ ಇಟಾಲ್‌ಜೆಟ್ ಸಂಸ್ಥೆಯ ಪ್ಯಾಕ್-ಎ-ವೇ ಇವೂ ಅದೇ ಕುಲದವು.

ಜಪಾನಿನ ಕಥೆಗೆ ಆಧಾರ ಗಟ್ಟಿಯಾಗಿದೆ. ಹೋಂಡಾ 1961ರಲ್ಲಿ ಟೋಕಿಯೊ ಹೊರವಲಯದ ತಾಮಾ ಟೆಕ್ ಮನರಂಜನಾ ಪಾರ್ಕಿನ ಮಕ್ಕಳ ಸವಾರಿಗಾಗಿ 49 ಸಿಸಿಯ ಝಡ್100 ತಯಾರಿಸಿತು. ಅದರ ವಂಶದಲ್ಲೇ ‘ಮಂಕಿ’ ಹುಟ್ಟಿತು. 1967ರ ಝಡ್50ಎಂ ಮಾದರಿಯಲ್ಲಿ ಹ್ಯಾಂಡಲ್ ಮಡಚಿ, ಸೀಟು ತಗ್ಗಿಸಿ ಕಾರಿನ ಡಿಕ್ಕಿಯಲ್ಲಿ ಇಡಬಹುದಿತ್ತು. ಈ ಆಲೋಚನೆಯ ಶಿಖರ 1981ರ ಮೋಟೊಕಾಂಪೊ. ಅದೇ ವರ್ಷ ಬಂದ ಹೋಂಡಾ ಸಿಟಿ ಕಾರಿನ ಡಿಕ್ಕಿಯ ಅಳತೆಗೇ ಹೊಲಿದಂತಿದ್ದ ಈ ಬೈಕಿನ ಹ್ಯಾಂಡಲ್, ಸೀಟು, ಫುಟ್‌ರೆಸ್ಟ್ ಎಲ್ಲವೂ ಪ್ಲಾಸ್ಟಿಕ್ಕಿನ ಚೌಕ ಕವಚದೊಳಗೆ ಅಡಗುತ್ತಿದ್ದವು. ಉದ್ದ 1,185 ಮಿ.ಮೀ., ಮಡಚಿದಾಗಿನ ಎತ್ತರ 540, ಅಗಲ 240. ಎಂಜಿನ್ 49 ಸಿಸಿ ಟೂ-ಸ್ಟ್ರೋಕ್, 2.5 ಅಶ್ವಶಕ್ತಿ. ತಿಂಗಳಿಗೆ 10,000 ಮಾರುವ ಅಂದಾಜಿತ್ತು, 1983ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ ಒಟ್ಟು ಮಾರಿದ್ದು 53,369. ಆಮೇಲೆ ‘ಯು ಆರ್ ಅಂಡರ್ ಅರೆಸ್ಟ್’ ಎಂಬ ಜಪಾನೀ ಕಾಮಿಕ್ಸ್ ಮತ್ತು ಅನಿಮೆ ಸರಣಿಯಲ್ಲಿ ಮಹಿಳಾ ಪೊಲೀಸರ ವಾಹನವಾಗಿ ಕಾಣಿಸಿಕೊಂಡು ಹೊಸ ಪೀಳಿಗೆಯ ಅಭಿಮಾನಿಗಳನ್ನು ಗಳಿಸಿತು. ತಯಾರಕ ಸಂಸ್ಥೆ ಬದುಕಿದೆ, ಮೊಟೆಗಿಯಲ್ಲಿ ಹೋಂಡಾ ಕಲೆಕ್ಷನ್ ಹಾಲ್ ಎಂಬ ಸ್ವಂತ ಮ್ಯೂಸಿಯಂ ಇದೆ, ಬಿಡಿಭಾಗದ ಪಟ್ಟಿಗಳು ಅಚ್ಚಾಗಿವೆ. ಇಲ್ಲಿ ಸಂಶೋಧಕರ ಕಷ್ಟವೆಲ್ಲ ಒಡೆದುಹೋದ ಪ್ಲಾಸ್ಟಿಕ್ ಕವಚ ಹೊಂದಿಸುವುದರಲ್ಲಿದೆ.

ಹೆಸರಿಲ್ಲದವುಗಳ ಶೋಧ

ಅಮೆರಿಕದ ಮಡಚು ಮಿನಿಬೈಕುಗಳಿಗೆ ಬಂದಾಗ ನೆಲ ಸಡಿಲವಾಗುತ್ತದೆ. 1950ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಆ ದೇಶದಲ್ಲಿ ಮಿನಿಬೈಕಿನ ಹುಚ್ಚು ಹಬ್ಬಿತ್ತು. ಕೊಳವೆ ಬಗ್ಗಿಸುವ ಯಂತ್ರ, ವೆಲ್ಡಿಂಗ್ ಸೆಟ್ಟು ಇದ್ದವರೆಲ್ಲ ಫ್ರೇಮು ಕಟ್ಟಿದರು. ಎಂಜಿನ್ ಹೇಗೂ ಹುಲ್ಲು ಕತ್ತರಿಸುವ ಯಂತ್ರದ್ದು: ಬ್ರಿಗ್ಸ್ ಅಂಡ್ ಸ್ಟ್ರಾಟನ್, ಟೆಕಮ್ಸೆ ಅಥವಾ ಕ್ಲಿಂಟನ್. ಅದಕ್ಕೊಂದು ಸೆಂಟ್ರಿಫ್ಯೂಗಲ್ ಕ್ಲಚ್, ಒಂದು ಚೈನು. ಇವುಗಳಲ್ಲಿ ಮಡಚುವ ಮಾದರಿಗಳು ಅಲ್ಪಸಂಖ್ಯಾತ. ಬಿಡಾರ ವಾಹನದಲ್ಲಿ ಊರೂರು ತಿರುಗುವವರು, ಸ್ವಂತ ದೋಣಿ ಇದ್ದವರು, ಸಣ್ಣ ವಿಮಾನ ಹಾರಿಸುವವರು ಇವುಗಳ ಗಿರಾಕಿಗಳು. ಒಂದೇ ಕಾರ್ಖಾನೆಯ ಫ್ರೇಮಿಗೆ ಮೂರು ಅಂಗಡಿಗಳು ಮೂರು ಸ್ಟಿಕ್ಕರು ಅಂಟಿಸಿ ಮಾರಿದ್ದುಂಟು. ಸ್ಟಿಕ್ಕರು ಉದುರಿದ ಮೇಲೆ ಬೈಕಿಗೆ ಹೆಸರೇ ಇಲ್ಲ.

ಅಂಥ ಒಂದು ಅನಾಮಿಕ ಫ್ರೇಮು ಕೈಗೆ ಬಂದಾಗ ಮೊದಲು ನೋಡಬೇಕಾದ್ದು ಮಡಚುವ ಕೀಲು. ಕೊಳವೆ, ಗಾಲಿ, ಎಂಜಿನ್ ಎಲ್ಲವನ್ನೂ ತಯಾರಕ ಮಾರುಕಟ್ಟೆಯಿಂದ ತಂದಿರುತ್ತಾನೆ. ಕೀಲನ್ನು ಮಾತ್ರ ತಾನೇ ಯೋಚಿಸಿ ಮಾಡಿರುತ್ತಾನೆ, ಅವನ ಕೈಗುರುತು ಇರುವುದು ಅಲ್ಲೇ. ಹ್ಯಾಂಡಲಿನ ಕೀಲು ಒಳಕ್ಕೆ ಬಾಗುತ್ತದೋ ಹಿಂದಕ್ಕೋ? ಅದನ್ನು ಬಿಗಿಹಿಡಿಯುವುದು ಚಿಟ್ಟೆನಟ್ಟೋ, ಸ್ಪ್ರಿಂಗಿನ ಪಿನ್ನೋ, ತಿರುಗಿಸುವ ಹಿಡಿಕೆಯೋ? ಕೀಲಿನ ಎರಡೂ ತಟ್ಟೆಗಳು ಒಂದನ್ನೊಂದು ಉಜ್ಜಿದ ಕಡೆ ಬಣ್ಣ ಸವೆದು ಕಬ್ಬಿಣ ಬೆಳ್ಳಗೆ ಕಾಣುತ್ತಿದ್ದರೆ ಆ ಬೈಕನ್ನು ಅದರ ಒಡೆಯ ನಿಜಕ್ಕೂ ಮಡಚಿ ಒಯ್ಯುತ್ತಿದ್ದನೆಂದು ತಿಳಿಯುತ್ತದೆ. ತಟ್ಟೆಗಳ ನಡುವೆಯೂ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಒಂದೋ ಎಂದೂ ಮಡಚಿಲ್ಲ, ಇಲ್ಲವೇ ಆಮೇಲೆ ಯಾರೋ ಬಣ್ಣ ಹೊಡೆಸಿದ್ದಾರೆ. ಕೀಲಿನ ಬೆಸುಗೆಯನ್ನು ಫ್ರೇಮಿನ ಬೇರೆ ಬೆಸುಗೆಗಳ ಜೊತೆ ಹೋಲಿಸಬೇಕು. ಒಂದೇ ಕೈಯ ಕೆಲಸ ಎನಿಸದಿದ್ದರೆ ಮಾಮೂಲಿ ಬೈಕನ್ನು ಯಾರೋ ಮನೆಯಲ್ಲಿ ಕೊಯ್ದು ಮಡಚುವಂತೆ ಮಾಡಿರುವ ಸಾಧ್ಯತೆಯುಂಟು. ಅದೂ ಒಂದು ಚರಿತ್ರೆಯೇ, ಆದರೆ ಕಾರ್ಖಾನೆಯ ಚರಿತ್ರೆಯಲ್ಲ.

ಎರಡನೆಯ ಸಾಕ್ಷಿ ಎಂಜಿನ್. ಬ್ರಿಗ್ಸ್ ಎಂಜಿನ್ನುಗಳ ಮೇಲೆ 1960ರ ದಶಕದ ನಡುವಿನಿಂದ ಒತ್ತಿದ ಕೋಡಿನಲ್ಲಿ ಮೊದಲೆರಡು ಅಂಕಿ ವರ್ಷ, ಮುಂದಿನೆರಡು ತಿಂಗಳು, ಆಮೇಲಿನೆರಡು ದಿನಾಂಕ. ಓದುವುದು ಸಲೀಸು. ಟೆಕಮ್ಸೆಯದು ಸ್ವಲ್ಪ ಸತಾಯಿಸುತ್ತದೆ. ಅದರ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೆಯ ದಿನ ಎಂಬುದು. 9127 ಎಂದಿದ್ದರೆ 127ನೆಯ ದಿನ, ಅಂದರೆ ಮೇ 7. ವರ್ಷ 1969 ಆಗಿರಬಹುದು, 1979 ಕೂಡ ಆಗಿರಬಹುದು. ದಶಕವನ್ನು ಬೇರೆ ಸುಳಿವುಗಳಿಂದ ತೀರ್ಮಾನಿಸಬೇಕು. ಇನ್ನೊಂದು ಎಚ್ಚರವೂ ಬೇಕು. ಹುಲ್ಲಿನ ಯಂತ್ರದ ಎಂಜಿನ್ನನ್ನು ನಾಲ್ಕು ಬೋಲ್ಟು ಬಿಚ್ಚಿ ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದ್ದರಿಂದ ಎಂಜಿನ್ನಿನ ತಾರೀಖು ಫ್ರೇಮಿನ ತಾರೀಖಲ್ಲ. ಎಂಜಿನ್ ಕೂರುವ ತಟ್ಟೆಯಲ್ಲಿ ಒಂದಕ್ಕಿಂತ ಹೆಚ್ಚು ಸಾಲು ತೂತುಗಳಿದ್ದರೆ, ಅವುಗಳಲ್ಲಿ ಕೆಲವು ಕೈಡ್ರಿಲ್ಲಿನಲ್ಲಿ ಕೊರೆದಂತೆ ಸೊಟ್ಟಗಿದ್ದರೆ, ಈಗಿರುವ ಎಂಜಿನ್ ಮೊದಲಿನದಲ್ಲ ಎಂದೇ ಎಣಿಸುವುದು ಕ್ಷೇಮ.

ಮೂರನೆಯದು ಪೇಟೆಂಟ್. ಸ್ಟಿಕ್ಕರಿನ ಮೇಲೆ ‘ಪೇಟೆಂಟ್ ಪೆಂಡಿಂಗ್’ ಎಂದಿದ್ದರೆ ಅರ್ಜಿ ಹೋಗಿತ್ತೆಂದು ಅರ್ಥ, ಮಂಜೂರಾಗಿತ್ತೆಂದಲ್ಲ. ಮಂಜೂರಾದ ಅಮೆರಿಕದ ಪೇಟೆಂಟುಗಳು 1790ರಿಂದಲೂ ಈಗ ಕಂಪ್ಯೂಟರಿನಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಅವುಗಳ ರೇಖಾಚಿತ್ರದಲ್ಲಿ ಕೀಲಿನ ಪ್ರತಿ ಪಿನ್ನಿಗೂ ಸಂಖ್ಯೆ ಇರುತ್ತದೆ. ಕೈಲಿರುವ ಫ್ರೇಮನ್ನು ಚಿತ್ರದ ಪಕ್ಕ ಇಟ್ಟು ನೋಡಿದಾಗ ಎರಡೂ ಹೊಂದಿಕೊಂಡರೆ, ಎಷ್ಟೋ ವರ್ಷ ಅನಾಮಿಕವಾಗಿದ್ದ ಯಂತ್ರಕ್ಕೆ ಅದನ್ನು ಕಲ್ಪಿಸಿದವನ ಹೆಸರು, ಊರು, ಅರ್ಜಿ ಹಾಕಿದ ತಾರೀಖು ಒಟ್ಟಿಗೆ ದಕ್ಕುತ್ತವೆ. ಈ ಶೋಧದಲ್ಲಿ ಇದಕ್ಕಿಂತ ಸಂತೋಷದ ಗಳಿಗೆ ಇನ್ನೊಂದಿಲ್ಲ. ಅಲ್ಲಿಂದ ಆ ಊರಿನ ಹಳೆಯ ಡೈರೆಕ್ಟರಿ, ರಾಜ್ಯದ ಕಂಪನಿ ನೋಂದಣಿ, ಸ್ಥಳೀಯ ಪತ್ರಿಕೆಯ ಕಡತಗಳತ್ತ ಹೋಗಬಹುದು. ಚಿತ್ರಕ್ಕೂ ಯಂತ್ರಕ್ಕೂ ವ್ಯತ್ಯಾಸ ಕಂಡರೆ ಅದನ್ನೂ ಬರೆದಿಡಬೇಕು. ತಯಾರಿಕೆಗೆ ಇಳಿದ ಮೇಲೆ ವಿನ್ಯಾಸ ಸರಳಗೊಳ್ಳುವುದು ಸಾಮಾನ್ಯ.

ಜಾಹೀರಾತು ನಾಲ್ಕನೆಯ ಆಕರ. ‘ಪಾಪ್ಯುಲರ್ ಮೆಕ್ಯಾನಿಕ್ಸ್’, ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಗಳ ಹಳೆಯ ಸಂಚಿಕೆಗಳ ಹಿಂಬದಿಯ ಪುಟಗಳಲ್ಲಿ ಬೆರಳಗಲದ ಜಾಹೀರಾತುಗಳು ತುಂಬಿವೆ. ತಾರೀಖಿಲ್ಲದ ಕರಪತ್ರ ಸಿಕ್ಕರೆ ವಿಳಾಸ ನೋಡಬೇಕು. ಅಮೆರಿಕದಲ್ಲಿ ಐದಂಕಿಯ ಜಿಪ್ ಕೋಡ್ ಜಾರಿಗೆ ಬಂದದ್ದು 1963ರ ಜುಲೈ 1ರಂದು, ಅದಿದ್ದರೆ ಕರಪತ್ರ ಅದಕ್ಕಿಂತ ಹಳೆಯದಾಗಿರಲಾರದು. ಊರಿನ ಹೆಸರಿನ ಮುಂದೆ ಒಂದೆರಡು ಅಂಕಿಯ ವಲಯ ಸಂಖ್ಯೆ ಮಾತ್ರ ಇದ್ದರೆ 1943ರಿಂದ 1963ರ ನಡುವಿನದೆಂದು ಊಹಿಸಬಹುದು. ಇನ್ನು ಜಾಹೀರಾತಿನ ಚಿತ್ರವನ್ನೇ ನಂಬಿ ಮಾದರಿಯನ್ನು ವರ್ಣಿಸುವುದು ಅಪಾಯಕಾರಿ. ಅಂಗಡಿಗೆ ಬಂದದ್ದು ಚಿತ್ರದಲ್ಲಿದ್ದ ಬೈಕೇ ಆಗಿರಬೇಕೆಂದಿಲ್ಲ.

ಇಷ್ಟಾದರೂ ಕೊನೆಗೆ ಮನುಷ್ಯರ ನೆನಪೇ ಆಧಾರವಾಗುವ ಪ್ರಸಂಗಗಳಿವೆ. ಫ್ರೇಮು ಬೆಸೆದವರು, ಅಂಗಡಿ ನಡೆಸಿದವರು, ಕ್ರಿಸ್‌ಮಸ್ಸಿಗೆ ಉಡುಗೊರೆಯಾಗಿ ಪಡೆದ ಮಕ್ಕಳು ಈಗ ವೃದ್ಧರು. ಅವರ ಮಾತನ್ನು ರೆಕಾರ್ಡ್ ಮಾಡುವುದಕ್ಕೆ ಕಾಯಬಾರದು. ಇಸವಿ ಕೇಳಿದರೆ ತಪ್ಪು ಹೇಳುತ್ತಾರೆ. ಆಗ ಮನೆಯಲ್ಲಿ ಯಾವ ಕಾರಿತ್ತು, ಯಾವ ತರಗತಿಯಲ್ಲಿದ್ದಿರಿ ಎಂದು ಕೇಳಿದರೆ ಸರಿಯಾದ ಇಸವಿ ತಾನಾಗಿ ಹೊರಬರುತ್ತದೆ. ಕುಟುಂಬದ ಆಲ್ಬಮ್ಮಿನ ಫೋಟೊದಲ್ಲಿ ಬೈಕಿನ ಹಿಂದೆ ನಿಂತ ಕಾರಿನ ನಂಬರ್ ಪ್ಲೇಟು ಎಷ್ಟೋ ವಾದಗಳನ್ನು ಬಗೆಹರಿಸುತ್ತದೆ.

ಯಂತ್ರದ ಸಂರಕ್ಷಣೆ

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ ರೂಪಿಸಿದ ಟ್ಯೂರಿನ್ ಸನ್ನದು ಈ ಕ್ಷೇತ್ರದ ನೀತಿಸಂಹಿತೆ. ಸಾಧ್ಯವಾದಷ್ಟು ಕಡಿಮೆ ಕೈಹಾಕು, ಹಾಕಿದ್ದನ್ನು ದಾಖಲಿಸು, ಹೊಸದಾಗಿ ಸೇರಿಸಿದ್ದು ಗುರುತು ಸಿಗುವಂತಿರಲಿ ಎಂಬುದು ಅದರ ಸಾರ. ಕೋಟಿ ಬೆಲೆಯ ಕಾರುಗಳಿಗಾಗಿ ಬರೆದಂತೆ ಕಂಡರೂ ಮಿನಿಬೈಕಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಕಾರಿನ ಬಣ್ಣ ಕೆರೆದರೂ ಕಾರ್ಖಾನೆಯ ಪುಸ್ತಕದಲ್ಲಿ ಬಣ್ಣದ ಸಂಖ್ಯೆ ಉಳಿದಿರುತ್ತದೆ. ಅನಾಮಿಕ ಮಿನಿಬೈಕಿನ ಬಣ್ಣ ಕೆರೆದರೆ ಏನೂ ಉಳಿಯುವುದಿಲ್ಲ. ಮರಳು ಚಿಮ್ಮಿಸಿ ಚೊಕ್ಕಗೊಳಿಸಿ ಪೌಡರ್ ಕೋಟಿಂಗ್ ಮಾಡಿಸುವ ಚಾಳಿಯಿಂದ ಎಷ್ಟೋ ಅಪರೂಪದ ಫ್ರೇಮುಗಳ ಒತ್ತಿದ ಸಂಖ್ಯೆಗಳು, ಸ್ಟಿಕ್ಕರಿನ ನೆರಳುಗಳು ಅಳಿಸಿಹೋಗಿವೆ. ಸ್ಟಿಕ್ಕರು ಉದುರಿದ ಜಾಗದಲ್ಲಿ ಬಣ್ಣ ಬಿಸಿಲಿಗೆ ಮಾಸದೆ ಉಳಿದಿರುತ್ತದೆ. ಓರೆಯಾಗಿ ಟಾರ್ಚು ಹಿಡಿದರೆ ಅಕ್ಷರಗಳ ಆಕಾರ ಓದಲು ಬರುವುದುಂಟು. ಆದ್ದರಿಂದ ತೊಳೆಯುವುದಕ್ಕೂ ಮೊದಲು ಎಲ್ಲ ಮಗ್ಗುಲಿನಿಂದ, ಮಡಚಿದ ಸ್ಥಿತಿಯಲ್ಲೂ ಬಿಚ್ಚಿದ ಸ್ಥಿತಿಯಲ್ಲೂ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಬೇಕು.

ಏಳುತ್ತಿರುವ ಬಣ್ಣವನ್ನು ಹಿಡಿದಿಡಲು ಮ್ಯೂಸಿಯಂಗಳಲ್ಲಿ ಪ್ಯಾರಾಲಾಯ್ಡ್ ಬಿ-72 ಎಂಬ ಅಂಟನ್ನು ತೆಳುವಾಗಿ ಬಳಸುತ್ತಾರೆ. ಬೇಡವೆನಿಸಿದರೆ ಅಸಿಟೋನಿನಲ್ಲಿ ಕರಗಿಸಿ ತೆಗೆಯಬಹುದು ಎಂಬುದೇ ಅದರ ಗುಣ. ಲೋಹದ ಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣ ಸವರಿದರೆ ತೇವ ತಾಗುವುದಿಲ್ಲ. ಟ್ಯಾಂಕಿನ ಹಳೆಯ ಪೆಟ್ರೋಲ್ ಬಸಿದು ತೆಗೆಯಬೇಕು, ಬಿಟ್ಟರೆ ಗೋಂದಾಗಿ ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಕಟ್ಟಿಹಾಕುತ್ತದೆ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರು ಪೈಪು, ವಾಷರುಗಳನ್ನು ಕೊರೆಯುತ್ತದೆ, ಓಡಿಸಲೇಬೇಕೆನ್ನುವವರು ಅವನ್ನು ಬದಲಿಸಿ ಮೂಲದವನ್ನು ಚೀಲದಲ್ಲಿ ಕಟ್ಟಿ ಹೆಸರು ಬರೆದಿಡಬೇಕು. ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಕಲ್ನಾರು ಇರುವುದರಿಂದ ಗಾಳಿ ಊದಿ ಚೊಕ್ಕ ಮಾಡಬಾರದು; ಹಳೆಯ ಬಣ್ಣದಲ್ಲಿ ಸೀಸವಿರಬಹುದು, ಒಣ ಮರಳುಕಾಗದದಿಂದ ಉಜ್ಜಬಾರದು. ಟಯರುಗಳು ಚಪ್ಪಟೆಯಾಗದಂತೆ ಬೈಕನ್ನು ಸ್ಟ್ಯಾಂಡಿನ ಮೇಲೆ ಎತ್ತಿಡಬೇಕು. ವೆಲ್‌ಬೈಕ್, ಕೋರ್ಗಿಗಳ ಹನ್ನೆರಡೂವರೆ ಅಂಗುಲದ ಟಯರುಗಳು ಈಗ ಸುಲಭಕ್ಕೆ ಸಿಗುವಂಥವಲ್ಲ. ಬಿರುಕು ಬಿಟ್ಟ ಮೂಲ ಟಯರನ್ನೂ ಎಸೆಯದಿರುವುದೇ ವಿವೇಕ. ಅದರ ಮೇಲಿನ ಅಕ್ಷರಗಳೂ ಕಾಲ ಹೇಳುತ್ತವೆ.

ಮಡಚುವ ಕೀಲಿನ ವಿಚಾರದಲ್ಲಿ ನನ್ನದೊಂದು ಖಚಿತ ಅಭಿಪ್ರಾಯವಿದೆ. ಕೀಲು ಸವೆದು ಸಡಿಲವಾದಾಗ ಬೆಸೆದು ಗಟ್ಟಿ ಮಾಡಿಬಿಡುವುದು ರೂಢಿ. ಸವಾರನ ಸುರಕ್ಷತೆಗೆ ಅದು ಸರಿಯೇ. ಆದರೆ ಹಾಗೆ ಬೆಸೆದ ದಿನ ಮಡಚು ಬೈಕಾಗಿ ಅದರ ಬದುಕು ಮುಗಿಯಿತು. ಓಡಿಸದೆ ಇಡಬಹುದಾದ್ದನ್ನು ಓಡಿಸದೆ ಇಡುವುದು, ಓಡಿಸುವುದಕ್ಕೆ ಕೀಲನ್ನು ಅಳೆದು ನಕಲು ಮಾಡಿಸಿ ಹೊಸದರ ಮೇಲೆ ಇಸವಿ ಒತ್ತಿಸುವುದು ಮೇಲು. ಮೂರು ಆಯಾಮದ ಸ್ಕ್ಯಾನಿಂಗ್ ಈಗ ದುಬಾರಿಯಲ್ಲ. ಒಬ್ಬರು ಸ್ಕ್ಯಾನ್ ಮಾಡಿ ಹಂಚಿದರೆ ಇನ್ನೊಂದು ಖಂಡದಲ್ಲಿ ಕೀಲಿಲ್ಲದೆ ಕೂತ ಬೈಕು ಪೂರ್ಣವಾಗುತ್ತದೆ. ಕೈಪಿಡಿ, ರಸೀದಿ, ಕರಪತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಅಗ್ಗದ ಕಾಗದ ಆಮ್ಲದಿಂದ ತಾನೇ ಪುಡಿಯಾಗುತ್ತದೆ, ಸ್ಕ್ಯಾನ್ ಮಾಡಿ ಆಮ್ಲರಹಿತ ಲಕೋಟೆಯಲ್ಲಿ ಇಡಬೇಕು, ಪ್ಲಾಸ್ಟಿಕ್ ಲ್ಯಾಮಿನೇಷನ್ ಮಾಡಿಸಬಾರದು.

ಸಂಗ್ರಹಗಳು

ಇಂಗ್ಲೆಂಡಿನ ಡಕ್ಸ್‌ಫರ್ಡಿನ ಪ್ಯಾರಾಶೂಟ್ ಪಡೆಯ ಮ್ಯೂಸಿಯಂನಲ್ಲಿ ವೆಲ್‌ಬೈಕ್ ಇದೆ. ಅಯೊವಾದ ಮಕೋಕೆಟಾದಲ್ಲಿ ಕ್ಲಿಂಟನ್ ಎಂಜಿನ್ನುಗಳಿಗೇ ಮೀಸಲಾದ ಮ್ಯೂಸಿಯಂ ಇದೆ. ಅದೇ ರಾಜ್ಯದ ವೆಬ್‌ಸ್ಟರ್ ಸಿಟಿಯಲ್ಲಿ 1940ರ ದಶಕದಲ್ಲಿ ತಯಾರಾದ ಡೂಡಲ್ ಬಗ್ ಸ್ಕೂಟರಿನ ಅಭಿಮಾನಿಗಳು ವರ್ಷಕ್ಕೊಮ್ಮೆ ಅದೇ ಊರಿನಲ್ಲಿ ಸೇರುತ್ತಾರೆ. ಆದರೂ ಬಹುಪಾಲು ಮಡಚು ಮಿನಿಬೈಕುಗಳು ಖಾಸಗಿ ಗ್ಯಾರೇಜುಗಳಲ್ಲೇ ಇವೆ, ಅವುಗಳ ವಿವರ ಒಡೆಯರ ತಲೆಯಲ್ಲೇ ಇದೆ. ಮ್ಯೂಸಿಯಂ ಸೇರಿದರೆ ಶಾಶ್ವತ ಎಂಬ ನಂಬಿಕೆಯೂ ಗಟ್ಟಿಯಲ್ಲ: ಅಯೊವಾದ ಅನಮೋಸಾದಲ್ಲಿದ್ದ ರಾಷ್ಟ್ರೀಯ ಮೋಟಾರ್ ಸೈಕಲ್ ಮ್ಯೂಸಿಯಂ 2023ರಲ್ಲಿ ಬಾಗಿಲು ಹಾಕಿತು, ಸಂಗ್ರಹ ಹರಾಜಾಯಿತು. ಹರಾಜಿನಲ್ಲಿ ಬೈಕಿಗೆ ಬೆಲೆ ಬರುತ್ತದೆ, ಅದರ ಜೊತೆಗಿದ್ದ ಕಾಗದದ ಕಟ್ಟು ಬೇರೆಯವರ ಪಾಲಾಗುತ್ತದೆ ಅಥವಾ ಕಸಕ್ಕೆ ಹೋಗುತ್ತದೆ. ಪ್ರತಿ ಬೈಕಿಗೂ ಸಂಖ್ಯೆ, ಅಳತೆ, ಫೋಟೊ, ಕೈಬದಲಾದ ಕ್ರಮ, ಯಾವ ಭಾಗ ಮೂಲದ್ದು ಯಾವುದು ಬದಲಿ ಎಂಬ ಒಂದು ಪುಟದ ಟಿಪ್ಪಣಿಯನ್ನು ಬರೆದು, ಅದರ ಪ್ರತಿಯನ್ನು ಕ್ಲಬ್ಬಿಗೋ ಗ್ರಂಥಾಲಯಕ್ಕೋ ಕೊಟ್ಟಿರುವ ಸಂಗ್ರಾಹಕರ ಬೈಕುಗಳು ಮಾತ್ರ ಎಷ್ಟು ಕೈ ಬದಲಾದರೂ ತಮ್ಮ ಚರಿತ್ರೆಯನ್ನು ಕಳೆದುಕೊಳ್ಳುವುದಿಲ್ಲ.

ಹೋಂಡಾ 2023ರಲ್ಲಿ ಮೋಟೊಕಾಂಪೊವಿನ ನೆನಪಿಗೆ ಮೋಟೊಕಾಂಪ್ಯಾಕ್ಟೊ ಎಂಬ ವಿದ್ಯುತ್ ಮಡಚು ವಾಹನವನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು. ತೂಕ 19 ಕಿಲೋಗೂ ಕಡಿಮೆ. ಇದರ ಕೆಲವು ಸೆಟ್ಟಿಂಗುಗಳು ಮೊಬೈಲ್ ಆ್ಯಪ್ ಮೂಲಕ ನಡೆಯುತ್ತವೆ, ಜೀವಾಳ ಬ್ಯಾಟರಿಯಲ್ಲಿದೆ. ಇಂಥವನ್ನು ಸಂಗ್ರಹಕ್ಕೆ ತೆಗೆದುಕೊಳ್ಳುವವರು ಚಾರ್ಜರು, ಡಬ್ಬಿ, ಕೈಪಿಡಿ ಇವುಗಳ ಜೊತೆಗೆ ಆ್ಯಪಿನ ಪರದೆಗಳ ಚಿತ್ರಗಳನ್ನೂ ಈಗಲೇ ತೆಗೆದಿಟ್ಟುಕೊಳ್ಳಬೇಕಾಗಿದೆ.